ರಕ್ತ ವಾಂತಿ, ಕಪ್ಪು ಮಲ: ಎಂಡೋಸ್ಕೋಪಿಗೆ ಮೊದಲೇ ಕಾರಣ ಅಂದಾಜು ಮಾಡುವುದು ಹೇಗೆ?

ರಾತ್ರಿ ಒಂಬತ್ತೂವರೆ, ಅಂಗಡಿ ಶಟರ್ ಎಳೆಯುವ ಹೊತ್ತು ಅಂದುಕೊಳ್ಳಿ. ಗಲ್ಲಾ ಎಣಿಸುತ್ತಿದ್ದ ಯಜಮಾನರಿಗೆ ಹೊಟ್ಟೆ ತೊಳಸಿದಂತಾಗುತ್ತದೆ. ಎದ್ದು ಹೋಗಿ ಚರಂಡಿ ಪಕ್ಕ ವಾಂತಿ ಮಾಡುತ್ತಾರೆ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ರಕ್ತ. ಪಕ್ಕದ ಅಂಗಡಿಯವರ ಕಾರಿನಲ್ಲಿ ತಾಲೂಕು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅಲ್ಲಿ ಡ್ಯೂಟಿ ಡಾಕ್ಟರ್ ಬಿಪಿ ನೋಡಿ, ಎರಡೂ ಕೈಗೆ ಸೂಜಿ ಹಾಕಿಸಿ ಡ್ರಿಪ್ಸ್ ಶುರು ಮಾಡಿಸುತ್ತಲೇ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳುತ್ತಾರೆ. ಮಂಡಿ ನೋವಿಗೆ ಮಾತ್ರೆ ತಗೋತಾರಾ? ಡ್ರಿಂಕ್ಸ್ ಇದೆಯಾ? ಮಲದ ಬಣ್ಣ ಹೇಗಿತ್ತು? ಮೊದಲು ಬರೀ ವಾಂತಿ ಆಗಿ ಆಮೇಲೆ ರಕ್ತ ಬಂತಾ, ಅಥವಾ ಮೊದಲ ಸಲವೇ ರಕ್ತವಾ?

ಮನೆಯವರಿಗೆ ಸಿಟ್ಟು ಬರುವುದು ಇಲ್ಲೇ. "ಸಾರ್, ಮೊದಲು ರಕ್ತ ನಿಲ್ಲಿಸಿ, ಆಮೇಲೆ ಕಥೆ ಕೇಳಿ" ಅನ್ನುವವರು ಕಡಿಮೆಯೇನಿಲ್ಲ. ಆದರೆ ಆ ಕಥೆಯಲ್ಲೇ ಚಿಕಿತ್ಸೆಯ ಅರ್ಧ ಭಾಗ ಇದೆ. ಒಳಗೆ ಎಲ್ಲಿಂದ ರಕ್ತ ಬರುತ್ತಿದೆ ಅಂತ ಕಣ್ಣಾರೆ ನೋಡಲು ಎಂಡೋಸ್ಕೋಪಿ ಬೇಕು. ಬಾಯಿ ಮೂಲಕ ಕ್ಯಾಮೆರಾ ಇರುವ ಟ್ಯೂಬ್ ಇಳಿಸಿ ನೋಡುವ ಆ ಸೌಲಭ್ಯ ಸಾಮಾನ್ಯವಾಗಿ ಇರುವುದು ಜಿಲ್ಲಾ ಕೇಂದ್ರದಲ್ಲಿ, ಮೆಡಿಕಲ್ ಕಾಲೇಜಿನಲ್ಲಿ ಅಥವಾ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ. ಅಲ್ಲಿಗೆ ಮುಟ್ಟುವವರೆಗಿನ ಕೆಲವು ಗಂಟೆಗಳಲ್ಲಿ ಯಾವ ಇಂಜೆಕ್ಷನ್ ಕೊಡಬೇಕು, ಎಷ್ಟು ಅವಸರ ಇದೆ, ಯಾವ ಆಸ್ಪತ್ರೆಗೆ ಕಳಿಸಬೇಕು ಅನ್ನುವುದೆಲ್ಲ ರೋಗಿ ಮತ್ತು ಮನೆಯವರು ಹೇಳುವ ಮಾತಿನ ಮೇಲೆ ನಿಂತಿರುತ್ತದೆ.

ಎರಡು ದೊಡ್ಡ ಕಾರಣ, ಎರಡು ಬೇರೆ ದಾರಿ

ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ, ಈ ಮೂರರಲ್ಲಿ ಎಲ್ಲಿ ರಕ್ತಸ್ರಾವ ಆದರೂ ವೈದ್ಯರು ಅದನ್ನು ಮೇಲ್ಭಾಗದ ರಕ್ತಸ್ರಾವ ಅನ್ನುತ್ತಾರೆ. ಕಾರಣಗಳ ಪಟ್ಟಿ ಉದ್ದವಿದೆ. ಆದರೆ ನಮ್ಮ ಕಡೆ ಮುಖ್ಯವಾಗಿ ಪೈಪೋಟಿ ಇರುವುದು ಎರಡರ ನಡುವೆ. ಒಂದು ಅಲ್ಸರ್, ಅಂದರೆ ಜಠರದ ಅಥವಾ ಕರುಳಿನ ಹುಣ್ಣು. ಇನ್ನೊಂದು ಲಿವರ್ ಕೆಟ್ಟವರಲ್ಲಿ ಅನ್ನನಾಳದ ಕೆಳಭಾಗದಲ್ಲಿ ಉಬ್ಬಿಕೊಂಡ ರಕ್ತನಾಳ ಒಡೆಯುವುದು. ಜಗತ್ತಿನ ಲೆಕ್ಕದಲ್ಲಿ ಅಲ್ಸರ್ ಮುಂದಿದೆ. ಭಾರತದ ಹಲವು ದೊಡ್ಡ ಆಸ್ಪತ್ರೆಗಳ ಲೆಕ್ಕದಲ್ಲಿ ಉಬ್ಬಿದ ರಕ್ತನಾಳವೂ ಅಷ್ಟೇ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ.

ಈ ಎರಡಕ್ಕೂ ಔಷಧ ಒಂದೇ ಅಲ್ಲ. ಅಲ್ಸರ್ ಅಂತ ಅನುಮಾನ ಬಂದರೆ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ತರಹದ ಇಂಜೆಕ್ಷನ್ ಶುರುವಾಗುತ್ತದೆ. ಲಿವರ್ ರಕ್ತನಾಳ ಅಂತ ಅನುಮಾನ ಬಂದರೆ ಆ ನಾಳಗಳ ಒತ್ತಡ ಇಳಿಸುವ ಆಕ್ಟ್ರಿಯೋಟೈಡ್ ಅಥವಾ ಟರ್ಲಿಪ್ರೆಸಿನ್, ಜೊತೆಗೆ ಸೆಫ್ಟ್ರಿಯಾಕ್ಸೋನ್‌ನಂಥ ಆಂಟಿಬಯಾಟಿಕ್ ಕೊಡಬೇಕು. ಇವನ್ನು ಎಂಡೋಸ್ಕೋಪಿ ಆಗಲಿ ಅಂತ ಕಾಯದೆ, ಅನುಮಾನದ ಮೇಲೆಯೇ ಶುರು ಮಾಡಬೇಕು ಅನ್ನುವುದು ವೈದ್ಯಕೀಯ ನಿಯಮ. ರಕ್ತ ವಾಂತಿಗೆ ಆಂಟಿಬಯಾಟಿಕ್ ಯಾಕೆ ಅನ್ನಿಸಬಹುದು. ಲಿವರ್ ರೋಗಿಗೆ ರಕ್ತಸ್ರಾವದ ಬೆನ್ನಿಗೇ ಸೋಂಕು ಬರುತ್ತದೆ, ಆ ಸೋಂಕೇ ಎಷ್ಟೋ ಸಲ ಜೀವ ತೆಗೆಯುತ್ತದೆ. ಇಂಥ ರಕ್ತನಾಳ ಒಡೆದವರಲ್ಲಿ ಆರು ವಾರದೊಳಗೆ ಸಾಯುವವರು ಶೇಕಡಾ 15ರಿಂದ 20ರಷ್ಟು. ಅಂದರೆ ಕುಡಿತದ ವಿಷಯ ಮುಚ್ಚಿಟ್ಟರೆ ಮುಚ್ಚಿಹೋಗುವುದು ಈ ಎರಡು ಇಂಜೆಕ್ಷನ್‌ಗಳ ದಾರಿ.

ಬಣ್ಣ ನೋಡಿ, ಫೋಟೋ ಇದ್ದರೆ ತೋರಿಸಿ

ವಾಂತಿಯಲ್ಲಿ ತಾಜಾ ಕೆಂಪು ರಕ್ತ, ಹೆಪ್ಪುಗಟ್ಟಿದ ಗಡ್ಡೆ ಬಂದರೆ ರಕ್ತ ಈಗಲೂ ಹರಿಯುತ್ತಿದೆ ಅಂತ ಲೆಕ್ಕ. ಫಿಲ್ಟರ್‌ನಲ್ಲಿ ಉಳಿಯುವ ಕಾಫಿ ಚರಟದಂತೆ ಕಂದು ಪುಡಿ ಪುಡಿಯಾಗಿ ಬಂದರೆ ರಕ್ತ ಜಠರದಲ್ಲಿ ಸ್ವಲ್ಪ ಹೊತ್ತು ನಿಂತಿದೆ, ಆಸಿಡ್ ಅದರ ಬಣ್ಣ ಬದಲಿಸಿದೆ. ಇದು ಬಹಳ ಸಲ ನಿಧಾನವಾದ ಅಥವಾ ನಿಂತುಹೋದ ರಕ್ತಸ್ರಾವ.

ಮಲದ ಬಣ್ಣ ಇನ್ನೂ ಮುಖ್ಯ, ಆದರೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಮೇಲಿನಿಂದ ಇಳಿದ ರಕ್ತ ಕರುಳಿನಲ್ಲಿ ಜೀರ್ಣವಾಗುತ್ತಾ ಕಪ್ಪಾಗುತ್ತದೆ. ಹೊಸದಾಗಿ ಹಾಕಿದ ಡಾಂಬರಿನಂತೆ ಮಿರಿಮಿರಿ ಕಪ್ಪು, ಅಂಟಂಟು, ನೀರು ಹಾಕಿದರೂ ಬೇಸಿನ್ ಬಿಡುವುದಿಲ್ಲ, ಮನೆಯೆಲ್ಲ ಹರಡುವ ಕೆಟ್ಟ ವಾಸನೆ. ಹೀಗಾಗಲು 50ರಿಂದ 100 ಎಂಎಲ್ ರಕ್ತ ಸಾಕು, ಅಂದರೆ ಒಂದು ಟೀ ಲೋಟಕ್ಕಿಂತ ಹೆಚ್ಚೇನಲ್ಲ. ವಾಂತಿ ಆಗದೆ ಬರೀ ಕಪ್ಪು ಮಲ ಹೋಗುತ್ತಿದ್ದರೂ ಅದು ಅಷ್ಟೇ ಗಂಭೀರ. "ಉಷ್ಣ ಆಗಿದೆ" ಅಂತ ಎಳನೀರು ಕುಡಿದು ನಾಲ್ಕು ದಿನ ತಳ್ಳಿದವರು ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಬವಳಿ ಬಂದು ಬೀಳುವುದು ಹೀಗೇ. ರಕ್ತಸ್ರಾವ ನಿಂತ ಮೇಲೂ ಕೆಲವು ದಿನ ಮಲ ಕಪ್ಪಾಗಿಯೇ ಇರಬಹುದು ಅನ್ನುವುದನ್ನೂ ನೆನಪಿಡಬೇಕು. ಕಪ್ಪು ಹೋಯಿತು ಅಂದ ತಕ್ಷಣ ಮತ್ತೆ ಒಡೆಯಿತು ಅಂತ ಅರ್ಥವಲ್ಲ.

ಎಲ್ಲ ಕಪ್ಪೂ ರಕ್ತವಲ್ಲ. ಗರ್ಭಿಣಿಯರಿಗೆ, ರಕ್ತಹೀನತೆ ಇರುವವರಿಗೆ ಕೊಡುವ ಐರನ್ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಅದು ಸ್ವಲ್ಪ ಹಸಿರು ಮಿಶ್ರಿತ ಕಪ್ಪು, ಗಟ್ಟಿಯಾಗಿರುತ್ತದೆ, ಅಂಟುವುದಿಲ್ಲ, ಆ ವಾಸನೆಯೂ ಇಲ್ಲ. ಹಾಗೆಯೇ ಎಲ್ಲ ಕೆಂಪೂ ರಕ್ತವಲ್ಲ. ಬೀಟ್‌ರೂಟ್ ಪಲ್ಯ, ಎಲೆಅಡಿಕೆ ರಸ ಸೇರಿದ ವಾಂತಿ ನೋಡಿ ಗಾಬರಿಯಾಗಿ ಓಡಿ ಬಂದವರೂ ಇರುತ್ತಾರೆ. ಗಾಬರಿಯಾಗಿ ಬಂದದ್ದೇ ಒಳ್ಳೆಯದು, ಬೈಸಿಕೊಳ್ಳುವ ಕಾರಣವಿಲ್ಲ. ಇನ್ನು ರಾತ್ರಿ ಮೂಗಿನಿಂದ ಸೋರಿದ ರಕ್ತ ನುಂಗಿ ಬೆಳಗ್ಗೆ ವಾಂತಿಯಾಗುವುದುಂಟು. ಕೆಮ್ಮಿನ ಜೊತೆ ನೊರೆನೊರೆಯಾಗಿ ಕೆಂಪು ರಕ್ತ ಬಂದರೆ ಅದು ಶ್ವಾಸಕೋಶದ್ದು. ಅಲ್ಲಿ ಯೋಚಿಸಬೇಕಾದದ್ದು ಟಿಬಿಯಂಥ ಕಾಯಿಲೆಯನ್ನು.

ಮಲದ್ವಾರದಿಂದ ಕೆಂಪು ರಕ್ತ ಹೋದರೆ ಸಾಮಾನ್ಯವಾಗಿ ಮೂಲವ್ಯಾಧಿ ಅಥವಾ ದೊಡ್ಡ ಕರುಳಿನ ತೊಂದರೆ. ಆದರೆ ಕೆಂಪು ರಕ್ತ ಧಾರಾಳವಾಗಿ ಹೋಗುತ್ತಾ, ಜೊತೆಗೆ ಬೆವರು, ತಲೆಸುತ್ತು, ಬಿಪಿ ಇಳಿತ ಇದ್ದರೆ ಮೇಲಿನ ರಕ್ತವೇ ಕಪ್ಪಾಗಲೂ ಪುರುಸೊತ್ತಿಲ್ಲದೆ ರಭಸವಾಗಿ ಇಳಿಯುತ್ತಿರಬಹುದು. ಮೂಲವ್ಯಾಧಿ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಕೂರುವ ಪರಿಸ್ಥಿತಿ ಅದಲ್ಲ.

ಮಾತ್ರೆ ಚೀಟಿ ಎಲ್ಲಿದೆ?

ಅಲ್ಸರ್ ರಕ್ತಸ್ರಾವಕ್ಕೆ ಎರಡು ಮುಖ್ಯ ಬೇರುಗಳು. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಇದನ್ನು ಪತ್ತೆ ಮಾಡಿದ್ದಕ್ಕೆ 2005ರಲ್ಲಿ ನೊಬೆಲ್ ಪಡೆದರು. ಖಾರ, ಟೆನ್ಶನ್ ಇವೇ ಅಲ್ಸರ್‌ಗೆ ಕಾರಣ ಅನ್ನುವ ಹಳೆ ಮಾತು ಅಲ್ಲಿಗೆ ಬಿದ್ದುಹೋಯಿತು, ಆದರೂ ನಮ್ಮ ಓಣಿಗಳಲ್ಲಿ ಇನ್ನೂ ಓಡುತ್ತಿದೆ. ಎರಡನೆಯದು ನೋವಿನ ಮಾತ್ರೆ. ಇದೇ ಪತ್ತೆ ಹಚ್ಚಲು ಸುಲಭ, ಕೇಳಿದರೆ ಮಾತ್ರ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್. ಜಠರದ ಒಳಪದರವನ್ನು ಆಸಿಡ್‌ನಿಂದ ಕಾಯುವ ಒಂದು ರಾಸಾಯನಿಕವನ್ನು ದೇಹವೇ ತಯಾರಿಸುತ್ತದೆ. ಈ ಮಾತ್ರೆಗಳು ನೋವನ್ನು ತಗ್ಗಿಸುವಾಗ ಆ ರಾಸಾಯನಿಕವನ್ನೂ ತಗ್ಗಿಸಿಬಿಡುತ್ತವೆ. ಹಾಗಾಗಿ "ಮಾತ್ರೆ ಹೊಟ್ಟೆಗೆ ಆಗಲ್ಲ, ಅದಕ್ಕೇ ಇಂಜೆಕ್ಷನ್ ಹಾಕಿಸ್ಕೋತೀನಿ" ಅನ್ನುವ ಲೆಕ್ಕ ತಪ್ಪು. ಸೊಂಟಕ್ಕೆ ಚುಚ್ಚಿಸಿಕೊಂಡರೂ ಔಷಧ ರಕ್ತದ ಮೂಲಕ ಜಠರವನ್ನು ಮುಟ್ಟಿಯೇ ಮುಟ್ಟುತ್ತದೆ.

ತೊಂದರೆ ಏನೆಂದರೆ, ಆಸ್ಪತ್ರೆಯಲ್ಲಿ "ಏನಾದರೂ ಮಾತ್ರೆ ತಗೋತೀರಾ" ಅಂದಾಗ ಜನ ಬಿಪಿ, ಶುಗರ್ ಮಾತ್ರೆ ಹೇಳುತ್ತಾರೆ. ಮಂಡಿ ನೋವಿಗೆ ಅಂಗಡಿಯಿಂದ ತಂದದ್ದು ಅವರ ಲೆಕ್ಕದಲ್ಲಿ ಔಷಧವೇ ಅಲ್ಲ. ದಿನವಿಡೀ ನಿಂತು ವ್ಯಾಪಾರ ಮಾಡುವವರು, ಮೂಟೆ ಹೊರುವವರು, ಗದ್ದೆ ನಾಟಿ ಮುಗಿಸಿದವರು ಒಂದು ಮಾತ್ರೆ ನುಂಗಿ ಮಲಗುವುದು ಮಾಮೂಲಿ. ಕಾಗದದಲ್ಲಿ ಸುತ್ತಿಕೊಟ್ಟ ನಾಲ್ಕೈದು ಬಣ್ಣದ ಬಿಡಿ ಮಾತ್ರೆಗಳಲ್ಲಿ ಏನಿದೆ ಅಂತ ತಗೊಳ್ಳುವವರಿಗೂ ಗೊತ್ತಿರುವುದಿಲ್ಲ. ಅದರಲ್ಲಿ ಸ್ಟೀರಾಯ್ಡ್ ಸೇರಿದ್ದರೆ, ನೋವಿನ ಮಾತ್ರೆಯ ಜೊತೆ ಅದು ಅಲ್ಸರ್ ಅಪಾಯವನ್ನು ಇನ್ನಷ್ಟು ಏರಿಸುತ್ತದೆ. ಹೆಸರು ಬರೆಯದ ನೋವಿನ ಪುಡಿ, ಗುಳಿಗೆಗಳಿಗೂ ಇದೇ ಮಾತು. ಮೆಡಿಕಲ್ ಶಾಪ್‌ನವರಿಗೂ ಇಲ್ಲಿ ಪಾತ್ರವಿದೆ. ಡೈಕ್ಲೋಫೆನಾಕ್ ಚೀಟಿ ಇಲ್ಲದೆ ಕೊಡುವ ಔಷಧ ಅಲ್ಲ. ಗಿರಾಕಿ ಹಾರ್ಟ್‌ಗೆ ಆಸ್ಪಿರಿನ್ ತಗೊಳ್ಳುತ್ತಿದ್ದಾರಾ ಅಂತ ಒಂದು ಮಾತು ಕೇಳಿದರೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಯಾಕೆಂದರೆ ಅಪಾಯ ಒಂದರ ಮೇಲೊಂದು ಕೂಡಿಕೊಳ್ಳುತ್ತಾ ಹೋಗುತ್ತದೆ. 65 ದಾಟಿದ ವಯಸ್ಸು, ಹಿಂದೆ ಅಲ್ಸರ್ ಆಗಿದ್ದು, ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ತಗೊಳ್ಳುತ್ತಿರುವುದು, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ, ಇದರ ಮೇಲೆ ಮಂಡಿ ನೋವಿಗೆ ಇನ್ನೊಂದು. ಇಷ್ಟು ಕಥೆ ಸಿಕ್ಕಿದರೆ, ಲಿವರ್ ತೊಂದರೆಯ ಸುಳಿವು ಇಲ್ಲದಿದ್ದರೆ, ವೈದ್ಯರ ಬೆರಳು ಮೊದಲು ಅಲ್ಸರ್ ಕಡೆ ಹೋಗುತ್ತದೆ.

ಹೊಟ್ಟೆ ನೋವು ಇತ್ತಾ ಅನ್ನುವ ಪ್ರಶ್ನೆಯೂ ಬರುತ್ತದೆ. ಹಸಿದಾಗ ಉರಿ, ಮಧ್ಯರಾತ್ರಿ ಎಚ್ಚರವಾಗುವ ನೋವು, ಏನಾದರೂ ತಿಂದರೆ ಸಮಾಧಾನ, ಇದು ಕರುಳಿನ ಹುಣ್ಣಿನ ಹಳೆಯ ಚಹರೆ. ಆದರೆ ನೋವಿನ ಮಾತ್ರೆಯಿಂದ ಆದ ಹುಣ್ಣು, ಅದರಲ್ಲೂ ವಯಸ್ಸಾದವರಲ್ಲಿ, ಯಾವ ನೋವನ್ನೂ ಕೊಡದೆ ಒಂದು ದಿನ ನೇರವಾಗಿ ರಕ್ತ ತೋರಿಸಬಹುದು. "ಗ್ಯಾಸ್ಟ್ರಿಕ್ಕೇ ಇರಲಿಲ್ಲ ನಮ್ಮ ತಂದೆಗೆ" ಅನ್ನುವ ಮಾತು ಅಲ್ಸರ್ ಅಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ.

ಲಿವರ್ ಕೊಡುವ ಸುಳಿವು

ಲಿವರ್ ಗಟ್ಟಿಯಾಗಿ ಗಂಟುಗಂಟಾದಾಗ ಕರುಳಿನಿಂದ ಬರುವ ರಕ್ತಕ್ಕೆ ಅದರೊಳಗೆ ದಾರಿ ಸಿಗುವುದಿಲ್ಲ. ಕೆರೆ ತೂಬು ಕಟ್ಟಿಕೊಂಡರೆ ನೀರು ಪಕ್ಕದ ಕಾಲುವೆಗಳಿಗೆ ನುಗ್ಗುವ ಹಾಗೆ, ಆ ರಕ್ತ ಅನ್ನನಾಳದ ತೆಳುವಾದ ನಾಳಗಳಿಗೆ ನುಗ್ಗುತ್ತದೆ. ಅವು ಉಬ್ಬುತ್ತವೆ. ಒಂದು ದಿನ ಒಡೆಯುತ್ತವೆ. ಆಗ ಬರುವ ವಾಂತಿಗೆ ನೋವು ಇರುವುದಿಲ್ಲ, ಪ್ರಮಾಣ ಮಾತ್ರ ದೊಡ್ಡದು. ಬೇಸಿನ್ ತುಂಬಾ ತಾಜಾ ರಕ್ತ, ಗಡ್ಡೆ ಗಡ್ಡೆ.

ಇಂಥವರ ಮೈಮೇಲೆ ಗುರುತುಗಳಿರುತ್ತವೆ. ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬಿದ್ದು, ಕಾಲು ಊತ, ಆದರೆ ತೋಳು ಮಾತ್ರ ಬಡಕಲು. ಎದೆ ಮೇಲೆ ಜೇಡನ ಕಾಲಿನಂತೆ ಹರಡಿದ ಕೆಂಪು ಗೀರು, ಕೆಂಪಾದ ಅಂಗೈ. ವೈದ್ಯರು ಎಡ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ಗುಲ್ಮ ದಪ್ಪವಾಗಿದೆಯಾ ಅಂತ ನೋಡುತ್ತಾರೆ. ಹಗಲು ನಿದ್ದೆ, ರಾತ್ರಿ ಎಚ್ಚರ, ತೊದಲು ಮಾತು ಇದ್ದರೆ ಲಿವರ್ ಮಿದುಳಿನ ಮೇಲೂ ಪರಿಣಾಮ ಬೀರಿದೆ. ಅದನ್ನು ಮನೆಯವರು "ಕುಡಿದಿದ್ದಾರೆ" ಅಂತ ತಪ್ಪು ತಿಳಿಯುವುದುಂಟು.

ಕುಡಿತದ ಪ್ರಶ್ನೆಗೆ ಬರುವ ಉತ್ತರ ಎಲ್ಲರಿಗೂ ಗೊತ್ತಿರುವುದೇ. "ಯಾವಾಗಲಾದರೂ ಫಂಕ್ಷನ್‌ನಲ್ಲಿ." ಹೆಂಡತಿ ಮಕ್ಕಳ ಎದುರು, ವಾರ್ಡಿನಲ್ಲಿ ಪರಿಚಯದವರ ಎದುರು ಸತ್ಯ ಹೇಳುವುದು ಕಷ್ಟ. ಆದ್ದರಿಂದ ಮನೆಯವರಲ್ಲಿ ಒಬ್ಬರು ಡಾಕ್ಟರನ್ನು ಪಕ್ಕಕ್ಕೆ ಕರೆದು ದಿನಕ್ಕೆ ನೈಂಟಿಯೋ ಕ್ವಾರ್ಟರೋ, ಎಷ್ಟು ವರ್ಷದಿಂದ ಅಂತ ನೇರವಾಗಿ ಹೇಳಿಬಿಡಬೇಕು. ಅದು ಚಾಡಿಯಲ್ಲ. ಹಿಂದೆ ಜಾಂಡೀಸ್ ಆಗಿತ್ತಾ, ಹೊಟ್ಟೆಯ ನೀರು ತೆಗೆಸಿದ್ದಾರಾ, ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಹಾಕಿಸಿದ್ದು ಇದೆಯಾ, ಪ್ರೊಪ್ರಾನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ಬರೆದುಕೊಟ್ಟಿದ್ದು ನಿಲ್ಲಿಸಿದ್ದಾರಾ ಅನ್ನುವುದೂ ಅಷ್ಟೇ ಬೆಲೆಯುಳ್ಳ ಮಾಹಿತಿ.

ಇನ್ನೊಂದು ಕಡೆ, ಒಂದು ಹನಿ ಕುಡಿಯದವರಿಗೂ ಲಿವರ್ ಹೀಗಾಗುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಇವೂ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಮೊದಲ ಬಾರಿಗೆ ರಕ್ತ ವಾಂತಿಯಲ್ಲೇ ಕಾಣಿಸಿಕೊಳ್ಳಬಹುದು. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದ ಹಳೆ ರಿಪೋರ್ಟ್ ಬೀರುವಿನಲ್ಲಿದ್ದರೆ ಅದನ್ನೂ ಒಯ್ಯಬೇಕು. ತಿರುಗಿಸಿ ನೋಡಿದರೆ, ಲಿವರ್ ರೋಗಿ ಅಂತ ಗೊತ್ತಿದ್ದವರಿಗೆ ಬರುವ ರಕ್ತ ವಾಂತಿಯೆಲ್ಲ ರಕ್ತನಾಳದ್ದೇ ಆಗಬೇಕೆಂದಿಲ್ಲ. ಅವರಿಗೂ ಅಲ್ಸರ್ ಇರಬಹುದು. ಹಾಗಾಗಿಯೇ ಆರಂಭದಲ್ಲಿ ಎರಡೂ ಬಗೆಯ ಇಂಜೆಕ್ಷನ್ ನಡೆಯುತ್ತದೆ.

ಉಳಿದ ಕಾರಣಗಳು

ಹಬ್ಬದ ರಾತ್ರಿ ಕುಡಿದು, ಇಲ್ಲವೇ ಊಟ ಆಗಿಬರದೆ ನಾಲ್ಕೈದು ಸಲ ಜೋರಾಗಿ ಓಕರಿಸಿ, ಕೊನೆಯ ವಾಂತಿಗಳಲ್ಲಿ ರಕ್ತ ಬಂದರೆ ಅನ್ನನಾಳ ಮತ್ತು ಜಠರ ಸೇರುವ ಜಾಗದಲ್ಲಿ ಸೀಳು ಬಿಟ್ಟಿರಬಹುದು. 1929ರಲ್ಲಿ ಇದನ್ನು ವಿವರಿಸಿದ ಇಬ್ಬರು ಅಮೆರಿಕನ್ ವೈದ್ಯರ ಹೆಸರಿನಲ್ಲಿ ಮ್ಯಾಲರಿ-ವೈಸ್ ಸೀಳು ಅನ್ನುತ್ತಾರೆ. ಬಹುಪಾಲು ತಾನಾಗಿಯೇ ನಿಲ್ಲುತ್ತದೆ. ಮೊದಲು ಬರೀ ಊಟ, ಆಮೇಲೆ ರಕ್ತ, ಈ ಕ್ರಮವೇ ಇಲ್ಲಿ ಸುಳಿವು. ಆ ಕ್ರಮ ನೋಡಿದವರು ಮನೆಯವರು, ಡಾಕ್ಟರ್ ಅಲ್ಲ.

ಕೆಲವು ತಿಂಗಳಿಂದ ತೂಕ ಇಳಿಯುತ್ತಿದೆ, ರೊಟ್ಟಿ ಮುದ್ದೆ ಗಂಟಲಲ್ಲಿ ನಿಲ್ಲುತ್ತಿದೆ, ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನಿಸುತ್ತಿದೆ ಅಂದರೆ ಕ್ಯಾನ್ಸರ್ ಅನುಮಾನ. ತಂಬಾಕು ಜಗಿಯುವವರಲ್ಲಿ, ಬೀಡಿ ಸಿಗರೇಟಿನವರಲ್ಲಿ ಹೆಚ್ಚು ಎಚ್ಚರ.

ಮಕ್ಕಳ ವಿಷಯ ಬೇರೆ. ಆಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ರಕ್ತ ವಾಂತಿ ಮಾಡಿದರೆ, ಜಾಂಡೀಸ್ ಇಲ್ಲದೆ ಗುಲ್ಮ ಮಾತ್ರ ದಪ್ಪಗಿದ್ದರೆ, ಲಿವರ್‌ಗೆ ರಕ್ತ ತರುವ ಮುಖ್ಯ ನಾಳವೇ ಮುಚ್ಚಿಹೋಗಿರುವ ಕಾಯಿಲೆ ಇರಬಹುದು. ಭಾರತದ ಮಕ್ಕಳಲ್ಲಿ ದೊಡ್ಡ ರಕ್ತ ವಾಂತಿಗೆ ಇದು ಮುಖ್ಯ ಕಾರಣ. ಲಿವರ್ ಚೆನ್ನಾಗಿಯೇ ಇರುವುದರಿಂದ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಈ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಜ್ವರದ ಜೊತೆ ರಕ್ತ ಬಂದರೆ ದಾರಿ ಮತ್ತೆ ಬದಲು. ಡೆಂಗಿಯಲ್ಲಿ ರಕ್ತ ವಾಂತಿ, ಕಪ್ಪು ಮಲ ಅಪಾಯದ ಸೂಚನೆಗಳು. ಅದಕ್ಕೇ ಮಳೆಗಾಲದ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಟ್ಟಬಾರದು ಅನ್ನುವುದು. ಮಲೆನಾಡಿನ ಕಡೆ ಕಾಡಿಗೆ ಹೋಗಿ ಬಂದವರಿಗೆ, ಉಣ್ಣೆ ಕಚ್ಚಿದವರಿಗೆ ಜ್ವರ ಬಂದು ರಕ್ತಸ್ರಾವ ಆದರೆ ಮಂಗನ ಕಾಯಿಲೆಯನ್ನೂ ನೆನೆಯಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಕಾಯಿಲೆ ಇದು.

ಮನೆಯವರು ಹೇಳಲು ಹಿಂಜರಿಯುವ ಇನ್ನೊಂದು ಕಾರಣ ವಿಷ. ಇಲಿ ಪಾಷಾಣದ ಪೇಸ್ಟ್, ಆಸಿಡ್ ಕುಡಿದವರಿಗೂ ರಕ್ತ ವಾಂತಿಯಾಗುತ್ತದೆ. ಹಳದಿ ರಂಜಕ ಇರುವ ಪೇಸ್ಟ್ ತಿಂದವರು ಮೊದಲ ಒಂದೆರಡು ದಿನ ಆರಾಮಾಗಿ ಕಂಡು ಆಮೇಲೆ ಲಿವರ್ ಕೈಕೊಡುತ್ತದೆ. ಕೇಸ್ ಆಗುತ್ತದೆ ಅಂತ ಮುಚ್ಚಿಟ್ಟರೆ ಆ ಎರಡು ದಿನವೇ ಕೈತಪ್ಪುತ್ತದೆ. ಡಬ್ಬಿ ಸಿಕ್ಕಿದರೆ ಜೊತೆಗೆ ಒಯ್ಯಿರಿ. ಇಂಥ ಯೋಚನೆಯಲ್ಲಿರುವವರಿಗೆ ಮಾತಾಡಲು ಟೆಲಿ ಮಾನಸ್ 14416 ಉಚಿತ ಸಂಖ್ಯೆ ಇದೆ.

ಲ್ಯಾಬ್ ಚೀಟಿ ಏನು ಹೇಳುತ್ತದೆ

ಮೊದಲ ಹಿಮೋಗ್ಲೋಬಿನ್ ನಂಬಬೇಡಿ. ಎಣ್ಣೆ ಡಬ್ಬದಿಂದ ಎರಡು ಲೀಟರ್ ಸುರಿದರೂ ಉಳಿದ ಎಣ್ಣೆ ತೆಳುವಾಗುವುದಿಲ್ಲ. ಹಾಗೆಯೇ ರಕ್ತ ಹೋದ ಕೂಡಲೇ ಪರೀಕ್ಷೆ ಮಾಡಿದರೆ 12, 13 ಅಂತಲೇ ಬರಬಹುದು. ದೇಹ ನೀರು ಎಳೆದುಕೊಂಡು ರಕ್ತ ತೆಳುವಾದ ಮೇಲೆ, ಅಂದರೆ ಒಂದು ದಿನ ಕಳೆಯುವ ಹೊತ್ತಿಗೆ ನಿಜವಾದ ನಷ್ಟ ಕಾಣುತ್ತದೆ. "ರಕ್ತ ಸರಿಯಾಗೇ ಇದೆಯಲ್ಲ, ಮನೆಗೆ ಹೋಗೋಣ" ಅನ್ನುವ ಮಾತು ಇಲ್ಲೇ ತಪ್ಪುವುದು. ಬದಲಿಗೆ ಮೊದಲ ಪರೀಕ್ಷೆಯಲ್ಲೇ 6 ಬಂದು, ಕೆಂಪು ಕಣಗಳ ಗಾತ್ರವೂ ಚಿಕ್ಕದಿದ್ದರೆ ತಿಂಗಳುಗಟ್ಟಲೆ ಸಣ್ಣಗೆ ಸೋರುತ್ತಿತ್ತು ಅಂತ ಅರ್ಥ.

ಯೂರಿಯಾ ಒಂದು ಒಳ್ಳೆಯ ಸಾಕ್ಷಿ. ಜಠರಕ್ಕೆ ಇಳಿದ ರಕ್ತ ಮಾಂಸ ತಿಂದ ಹಾಗೆ ಜೀರ್ಣವಾಗಿ ಯೂರಿಯಾ ಏರುತ್ತದೆ, ಕ್ರಿಯಾಟಿನಿನ್ ಮಾತ್ರ ಇದ್ದಲ್ಲೇ ಇರುತ್ತದೆ. ಬಿಯುಎನ್ ಅನ್ನುವ ಅಂಕಿ ಕ್ರಿಯಾಟಿನಿನ್‌ನ 30 ಪಟ್ಟು ದಾಟಿದರೆ ರಕ್ತ ಮೇಲಿನಿಂದಲೇ ಬರುತ್ತಿದೆ ಅನ್ನುವುದಕ್ಕೆ ಬಲ. ನಮ್ಮ ಎಷ್ಟೋ ಲ್ಯಾಬ್‌ಗಳು ಬರೆಯುವುದು ಬ್ಲಡ್ ಯೂರಿಯಾ. ಅದು ಬಿಯುಎನ್‌ಗಿಂತ ಸುಮಾರು 2.14 ಪಟ್ಟು ದೊಡ್ಡ ಸಂಖ್ಯೆ, ಎರಡನ್ನೂ ಕಲಸಿಕೊಳ್ಳಬಾರದು. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ, ಜೊತೆಗೆ ಗುಲ್ಮ ದಪ್ಪ ಅಂದರೆ, ಡೆಂಗಿ ಅಲ್ಲದಿದ್ದರೆ, ಲಿವರ್ ಕಡೆ ನೋಡಬೇಕು.

ಕಾರಣ ಬೇರೆ, ಅಪಾಯ ಬೇರೆ

ಕಾರಣ ಏನೇ ಇರಲಿ, ಎಷ್ಟು ಅವಸರ ಅಂತ ಅಳೆಯಲು ಇನ್ನೊಂದು ಲೆಕ್ಕವಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೂಪಿಸಿ 2000ದಲ್ಲಿ ಪ್ರಕಟವಾದ ಬ್ಲಾಚ್‌ಫರ್ಡ್ ಸ್ಕೋರ್. ಇದಕ್ಕೆ ಎಂಡೋಸ್ಕೋಪಿ ಬೇಡ. ಯೂರಿಯಾ, ಹಿಮೋಗ್ಲೋಬಿನ್, ಬಿಪಿ, ನಾಡಿ, ಕಪ್ಪು ಮಲ ಇತ್ತಾ, ಬವಳಿ ಬಂದಿತ್ತಾ, ಲಿವರ್ ಅಥವಾ ಹೃದಯದ ಕಾಯಿಲೆ ಇದೆಯಾ ಅಂತ ನೋಡಿ 0ಯಿಂದ 23ರವರೆಗೆ ಅಂಕ ಕೊಡುತ್ತಾರೆ. 0 ಅಥವಾ 1 ಬಂದವರನ್ನು ಮನೆಗೆ ಕಳಿಸಿ ಬೇರೆ ದಿನ ಎಂಡೋಸ್ಕೋಪಿಗೆ ಕರೆಯಬಹುದು. ಬವಳಿ ಬಂದಿದ್ದರೆ ಅದೊಂದಕ್ಕೇ 2 ಅಂಕ. ಆದ್ದರಿಂದ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದದ್ದನ್ನು ಸಣ್ಣ ವಿಷಯ ಅಂತ ಬಿಡದೆ ಹೇಳಬೇಕು. ಈ ಸ್ಕೋರ್ ಅಪಾಯ ಹೇಳುತ್ತದೆ, ಕಾರಣ ಹೇಳುವುದಿಲ್ಲ.

ನಾಡಿ 100 ದಾಟುವುದು ರಕ್ತ ಹೋದದ್ದರ ಮೊದಲ ಸಾಕ್ಷಿ. ಆದರೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ ತಗೊಳ್ಳುವವರ ನಾಡಿ ಏರುವುದೇ ಇಲ್ಲ. ಬಿಪಿ ಮಾತ್ರೆಯ ಹೆಸರು ಹೇಳುವುದು ಇದಕ್ಕೂ ಬೇಕು.

ಜಿಲ್ಲಾ ಕೇಂದ್ರಕ್ಕೆ ಹೊರಡುವ ಮೊದಲು

108ಕ್ಕೆ ಫೋನ್ ಮಾಡಿ. ಬೈಕಿನ ಮಧ್ಯೆ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲಿ ಬಿಪಿ ಇಳಿದರೆ ಬಿದ್ದುಬಿಡುತ್ತಾರೆ. ಎಡ ಮಗ್ಗುಲಿಗೆ ಮಲಗಿಸಿ, ರಕ್ತ ಶ್ವಾಸನಾಳಕ್ಕೆ ಹೋಗಬಾರದು. ಬಾಯಿಗೆ ಏನೂ ಬೇಡ, ಮಜ್ಜಿಗೆಯೂ ಬೇಡ, ಐಸ್ ನೀರೂ ಬೇಡ. ಹೊಟ್ಟೆ ತುಂಬಿದ್ದರೆ ಎಂಡೋಸ್ಕೋಪಿ ಕಷ್ಟ. ಮನೆಯಲ್ಲಿರುವ ಮಾತ್ರೆ ಶೀಟುಗಳನ್ನು, ಬಿಡಿ ಮಾತ್ರೆಗಳನ್ನೂ ಸೇರಿಸಿ, ಒಂದು ಕವರಿಗೆ ಹಾಕಿಕೊಳ್ಳಿ. ಹಳೆ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಅದೂ ಇರಲಿ. ರಕ್ತ ಕೊಡಬಲ್ಲ ಇಬ್ಬರು ಜೊತೆಗೆ ಬಂದರೆ ಅನುಕೂಲ.

ತಾಲೂಕು ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿ ಬಿಪಿ ನಿಲ್ಲಿಸುತ್ತಿದ್ದಾರೆ ಅಂದರೆ ಅದು ಕಾಲಹರಣವಲ್ಲ. ಸಾಮಾನ್ಯವಾಗಿ ಎಂಡೋಸ್ಕೋಪಿ 24 ಗಂಟೆಯೊಳಗೆ ಆಗಬೇಕು, ಲಿವರ್ ರಕ್ತನಾಳದ ಅನುಮಾನ ಇದ್ದರೆ 12 ಗಂಟೆಯೊಳಗೆ. ಹಾಂಗ್‌ಕಾಂಗ್‌ನಲ್ಲಿ 516 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ಗಂಟೆಯೊಳಗೆ ಅವಸರದಿಂದ ಎಂಡೋಸ್ಕೋಪಿ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಮೊದಲು ರೋಗಿಯನ್ನು ಒಂದು ಸ್ಥಿತಿಗೆ ತಂದು ಆಮೇಲೆ ಕಳಿಸುವುದೇ ಸರಿಯಾದ ಕ್ರಮ.

"ಒಂದು ಬಾಟಲ್ ರಕ್ತ ಹಾಕಿಬಿಡಿ ಸಾರ್" ಅಂತ ಒತ್ತಾಯಿಸುವುದೂ ಬೇಡ. ಬಾರ್ಸಿಲೋನಾದಲ್ಲಿ 921 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ ಶೇಕಡಾ 95 ಮಂದಿ, 9ಕ್ಕಿಂತ ಇಳಿದಾಗಲೇ ಕೊಟ್ಟವರಲ್ಲಿ ಶೇಕಡಾ 91 ಮಂದಿ ಆರು ವಾರದ ನಂತರ ಬದುಕಿದ್ದರು. ಹೃದ್ರೋಗಿಗಳಿಗೆ, ಒಂದೇ ಸಮನೆ ರಕ್ತ ಸುರಿಯುತ್ತಿರುವವರಿಗೆ ಲೆಕ್ಕ ಬೇರೆ. ರಕ್ತ ನಿಲ್ಲಿಸಲು ಅಂತ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಕೂಡ ಇಲ್ಲಿ ಕೈಹಿಡಿದಿಲ್ಲ. 12,009 ರೋಗಿಗಳ ಮೇಲೆ ನಡೆದು 2020ರಲ್ಲಿ ಬಂದ ಅಧ್ಯಯನದಲ್ಲಿ ಸಾವು ಕಡಿಮೆಯಾಗಲಿಲ್ಲ, ಬದಲಿಗೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ತೊಂದರೆ ಹೆಚ್ಚಿತು.

ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಕಂಡ ಗಾಬರಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅನ್ನು ತಾವೇ ತಿಂಗಳುಗಟ್ಟಲೆ ಬಿಟ್ಟುಬಿಡುವುದುಂಟು. ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನಕ್ಕೆ, ಮತ್ತೆ ಯಾವಾಗ ಶುರು ಮಾಡಬೇಕು ಅನ್ನುವುದನ್ನು ಎಂಡೋಸ್ಕೋಪಿ ಮಾಡಿದ ವೈದ್ಯರು ಮತ್ತು ಹೃದಯದ ವೈದ್ಯರು ಕೂಡಿ ಹೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಬರೆಸಿಕೊಂಡೇ ವಾರ್ಡ್ ಬಿಡಿ. ಅಲ್ಸರ್ ಅಂತ ಬಂದಿದ್ದರೆ ಪೈಲೋರಿ ಪರೀಕ್ಷೆ ಆಯಿತಾ ಅಂತಲೂ ಅದೇ ಸಮಯಕ್ಕೆ ಕೇಳಿ. ರಕ್ತ ಸುರಿಯುತ್ತಿರುವಾಗ ಮಾಡಿದ ಈ ಪರೀಕ್ಷೆ ಇಲ್ಲ ಅಂತ ತೋರಿಸಿದರೂ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕಾಗುತ್ತದೆ.